ತೆನ್‌ಪೋಕೊಳ ಹುದುಗು

ಕುದುಗು ಎಂಬ ಪೇಟೆಯಾಚೆ, ಬೇವಿನ ಮರಗಳ ಕೆಳಗೆ, ಕೆಂಪು ಜೋಳದ ಹೆಂಡವಾದ ಡೋಲೊ ಕಾಯಿಸಿ ಮಾರುವ ಹೆಂಗಸರು ಒಂಬತ್ತು ಮಂದಿ. ಎಂಟು ಮಂದಿ ಒಬ್ಬರಿಗೊಬ್ಬರು ಹುದುಗು ಕಡ ಕೊಡುತ್ತಿದ್ದರು. ತೆನ್‌ಪೋಕೊ ಮಾತ್ರ ಕೊಟ್ಟವಳಲ್ಲ. ಅತ್ತೆಯಿಂದ ಬಂದದ್ದು, ಬೇಕಾದರೆ ಗಂಡನನ್ನು ಒಂದು ದಿನದ ಮಟ್ಟಿಗೆ ಕಳಿಸಿಯೇನು, ಇದನ್ನು ಕೊಡಲಾರೆ ಎನ್ನುತ್ತಿದ್ದಳು. ಗಂಡ ನೋಬಿಲ ಪಕ್ಕದಲ್ಲೇ ಕೂತು ಸೋರೆಬುರುಡೆ ಖಾಲಿ ಮಾಡುತ್ತ ತಲೆದೂಗುತ್ತಿದ್ದ.

ಮಡಕೆಯ ತಳದ ಗಸಿಯನ್ನು ಹಿಂಡಿ ಒಣಗಿಸಿಟ್ಟರೆ ಹುದುಗು ತಿಂಗಳುಗಟ್ಟಲೆ ಸತ್ತಂತೆ ಬಿದ್ದಿರುತ್ತದೆ. ತಿನ್ನಲು ಏನೂ ಇಲ್ಲವೆಂದು ತಿಳಿದ ಕೂಡಲೇ ಮೈ ಮುದುಡಿಕೊಂಡು ಮಲಗುವುದು ಅದರ ಜಾಣತನ. ಸಿಹಿ ರಸ ತಾಕಿದರೆ ಅರ್ಧ ದಿನದೊಳಗೆ ನೊರೆಯೆದ್ದು ಗೊಣಗುತ್ತದೆ. ಈ ಶಿಸ್ತು ನಮ್ಮಲ್ಲಿ ಯಾರಿಗೂ ಇಲ್ಲ. ಒಂದು ಹೊತ್ತು ಊಟ ತಪ್ಪಿದರೆ ಊರಿಗೆಲ್ಲ ಕೇಳುವಂತೆ ನರಳುತ್ತೇವೆ.

ನೋಬಿಲ ಸತ್ತ. ದೊಡ್ಡ ತಿಥಿ ಸುಗ್ಗಿಯ ನಂತರ. ಅಲ್ಲಿಯವರೆಗೆ ವಿಧವೆ ಡೋಲೊ ಕಾಯಿಸುವಂತಿಲ್ಲ. ತಿಥಿಯ ಡೋಲೊ ಮಾತ್ರ ಅವಳ ಕೈಯದೇ, ಆ ಮನೆಯ ಹುದುಗಿನದೇ ಆಗಬೇಕು. ಇಲ್ಲದಿದ್ದರೆ ಸತ್ತವನು ಬಾಯಾರಿಯೇ ಹೋದನೆಂದು ಊರು ಆಡಿಕೊಳ್ಳುತ್ತದೆ. ಹುದುಗಿನ ಬುಟ್ಟಿಯ ಕಾವಲು ಸೊಸೆ ಸಿಡೊನಿಯ ಪಾಲಿಗೆ ಬಂತು.

ಸುಗ್ಗಿ ಮುಗಿದು ಬುಟ್ಟಿ ತೆರೆದರೆ ಮುಗ್ಗಲು ವಾಸನೆ. ರಸಕ್ಕೆ ಹಾಕಿ ಒಂದಿಡೀ ದಿನ ಕಾದರೂ ಒಂದು ಗುಳ್ಳೆ ಏಳಲಿಲ್ಲ.

"ಏನ್ ಮಾಡ್ದೆ ಇದಕ್ಕೆ?"

"ಏನಿಲ್ಲ ಅತ್ತೆ. ದಿನಾ ಬೆಳಿಗ್ಗೆ ಒಂಚೂರು ನೀರು ಚಿಮುಕಿಸ್ತಿದ್ದೆ. ಬಾಯಾರಿರತ್ತಲ್ಲ. ಮನೆಗೆ ಬಂದೋರಿಗೂ ಮೊದ್ಲು ನೀರು ತಾನೆ ಕೊಡೋದು?"

"ನೀರು ಕೊಟ್ಟು ಎಬ್ಸಿ, ತಿನ್ನಕ್ಕೆ ಏನ್ ಕೊಟ್ಟೆ?"

ಸೊಸೆಗೆ ಅದು ಹೊಳೆದಿರಲಿಲ್ಲ. ಎದ್ದ ಹುದುಗು ತಿನ್ನಲು ಕಾಣದೆ ತನ್ನ ಮೈಯನ್ನೇ ತಿಂದು ತೀರಿಕೊಂಡಿತ್ತು. ಮೂವತ್ತು ವರ್ಷ ಒಂದು ಹಿಡಿಯನ್ನೂ ಯಾರಿಗೂ ಕೊಡದಿದ್ದುದರಿಂದ ಅದರ ಸಂತಾನ ಬೇರೆ ಯಾವ ಬುಟ್ಟಿಯಲ್ಲೂ ಉಳಿದಿರಲಿಲ್ಲ.

ತೆನ್‌ಪೋಕೊ ಎದುರು ಸಾಲಿನಲ್ಲಿ ಡೋಲೊ ಕಾಯಿಸುವ ಒನೊರಿನ್ ಮನೆಗೆ ಹೋದಳು. ಇಬ್ಬರಿಗೂ ಹನ್ನೊಂದು ವರ್ಷದಿಂದ ಮಾತಿಲ್ಲ. ಹುದುಗು ಕೇಳಲು ಬಂದ ಒನೊರಿನ್‌ಳನ್ನು ಇವಳು ಬರಿಗೈಯಲ್ಲಿ ಕಳಿಸಿದ್ದಳು. ನಾಲ್ಕು ಮಾತು ಬೈಸಿಕೊಳ್ಳಲು ತಯಾರಾಗಿ ಹೋದವಳಿಗೆ ಎರಡು ಹಿಡಿ ಹುದುಗು ಸಿಕ್ಕಿತು.

"ತಗೊಂಡೋಗಕ್ಕ. ಯಾರಿಗೂ ಹೇಳಲ್ಲ."

ಬೈದಿದ್ದರೆ ಎಷ್ಟೋ ವಾಸಿಯಿತ್ತು.

ತಿಥಿಯ ದಿನ ಹಿರಿಯರು ಮೊದಲ ಬುರುಡೆಯನ್ನು ಸತ್ತವನಿಗೆಂದು ನೆಲಕ್ಕೆ ಚೆಲ್ಲಿ, ಎರಡನೆಯದನ್ನು ಕುಡಿದು, ಮೂರನೆಯದಕ್ಕೆ ಕೈ ಚಾಚಿದರು. ನೋಬಿಲನ ಅಣ್ಣ ಬಾಯಿ ಒರೆಸಿಕೊಂಡ.

"ಇಷ್ಟ್ ವರ್ಷದಲ್ಲಿ ಇಂಥದ್ದು ನೀನು ಕಾಯ್ಸೇ ಇರ್ಲಿಲ್ಲ ಬಿಡು, ತೆನ್‌ಪೋಕೊ. ಈ ಮನೆ ಹುದುಗು ಅಂದ್ರೆ ಇದು."

ಹೆಂಗಸರ ಸಾಲಿನಲ್ಲಿ ಒನೊರಿನ್ ತನ್ನ ಬುರುಡೆಯೊಳಗೇ ನೋಡುತ್ತ ಕೂತಿದ್ದಳು. ತೆನ್‌ಪೋಕೊ ಹೌದೆಂದು ತಲೆದೂಗಿ, ಹಲ್ಲು ಕಿರಿಯುತ್ತಿದ್ದ ಆ ಭಾವನ ಬುರುಡೆಗೆ ಇನ್ನಷ್ಟು ಬಗ್ಗಿಸಿದಳು.