ಜಗಳಗಂಟಿ ಮತ್ತು ಕೀಲಿಮಾಮನ ಕೈ

ಬೀದಿಯ ಮಕ್ಕಳೆಲ್ಲ ಅವನನ್ನು ಕೀಲಿಮಾಮ ಅಂತ ಕರೆಯುತ್ತಿದ್ದರು. ಮಕ್ಕಳು ಕರೆದದ್ದು ದೊಡ್ಡವರ ಬಾಯಲ್ಲೂ ಕೂತು, ಕಡೆಗೆ ಅಂಗಡಿಯ ಬೋರ್ಡಿನ ಮೇಲೂ ಅದೇ ಬಂತು. ಅಂಗಡಿ ಅಂದರೆ ಏನು, ಮೆಟ್ಟಿಲ ಕೆಳಗಿನ ಒಂದು ಗೂಡು. ಒಬ್ಬ ಒಳಗೆ ಕೂತರೆ ಇನ್ನೊಬ್ಬ ಹೊರಗೇ ನಿಲ್ಲಬೇಕು. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಕೀಲಿಕೈ. ಬೀಗ ಕೆಟ್ಟವರು, ಕೀಲಿ ಕಳೆದುಕೊಂಡವರು, ಮಗು ಒಳಗೆ ಚಿಲಕ ಹಾಕಿಕೊಂಡಿದೆ ಅಂತ ಏದುಸಿರು ಬಿಡುತ್ತಾ ಓಡಿ ಬಂದವರು, ಎಲ್ಲರೂ ಅವನ ಬಲಗೈಯನ್ನು ನಂಬಿಕೊಂಡು ಬರುತ್ತಿದ್ದರು. ಆ ಕೈ ಬೀಗದ ಮೇಲೆ ಕೂತಿತೆಂದರೆ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ನಿದ್ದೆ ಹೋದನೇನೋ ಅನ್ನುವಷ್ಟರಲ್ಲಿ ಟಕ್ ಅಂತ ಬೀಗ ಬಾಯಿ ಬಿಡುತ್ತಿತ್ತು.

ಇಂಥವನ ಮನೆಯಲ್ಲಿ, ಅದೇ ಕೈಯನ್ನು ಕಂಡರೆ ಬೀದಿಗೆ ಬೀದಿಯೇ ಎದ್ದು ಬರುವ ಹಾಗೆ ಕಿರುಚುವ ಒಂದು ಗಿಳಿ ಇತ್ತು. ಅವಳ ಹೆಸರು ಜಗಳಗಂಟಿ. ಒಂದೇ ಒಂದು ಸಲ ಅವಳು ತನ್ನ ಕೈಮೇಲೆ ಬಂದು ಕೂತರೆ ಸಾಕು ಅಂತ ಈ ಮನುಷ್ಯ ವರ್ಷಗಟ್ಟಲೆ ಆಸೆಪಟ್ಟ. ನಗುವವರು ನಗಲಿ. ಜನ ಇದಕ್ಕಿಂತ ಕೆಲಸಕ್ಕೆ ಬಾರದ ಆಸೆಗಳನ್ನು ಇಟ್ಟುಕೊಂಡು, ಈಡೇರಲಿಲ್ಲ ಅಂತ ಮನೆಮಂದಿಯ ತಲೆ ತಿನ್ನುತ್ತಾರೆ. ಇವನು ಯಾರ ತಲೆಯನ್ನೂ ತಿನ್ನಲಿಲ್ಲ.

ಅವಳೂ ಜೊತೆಗಿನ ಗಿಳಿಗಳೂ ಆ ಮನೆಗೆ ಬಂದದ್ದು ಬೀಗದ ದೆಸೆಯಿಂದಲೇ. ಕದ್ದು ಸಾಗಿಸುತ್ತಿದ್ದ ಹಕ್ಕಿಗಳನ್ನು ಯಾವುದೋ ಗೋದಾಮಿನಲ್ಲಿ ಅಡಗಿಸಿಟ್ಟಿದ್ದಾರೆಂದು ಪೊಲೀಸರಿಗೆ ಸುಳಿವು ಸಿಕ್ಕಿತು. ಬಾಗಿಲು ಒಡೆದರೆ ಒಳಗಿನವು ಗಾಬರಿಗೇ ಸತ್ತಾವು ಅಂತ ಕೀಲಿಮಾಮನಿಗೆ ಹೇಳಿಕಳಿಸಿದರು. ಅವನು ಸದ್ದಿಲ್ಲದೆ ಬೀಗ ತೆಗೆದ. ಒಳಗೆ ಒಂದರ ಮೇಲೊಂದು ಹಣ್ಣಿನ ಪೆಟ್ಟಿಗೆಗಳು, ಪೆಟ್ಟಿಗೆಯ ಸಂದುಗಳಲ್ಲಿ ಹಸಿರು. ಮೊದಲು ಅವನು ಅದನ್ನು ಎಲೆ ಅಂದುಕೊಂಡ. ಎಲೆಗಳಿಗೆ ಕಣ್ಣಿರುವುದು ಆಮೇಲೆ ಕಂಡಿತು. ಒಂದೂ ಸದ್ದು ಮಾಡುತ್ತಿರಲಿಲ್ಲ, ಬರೀ ನೋಡುತ್ತಿದ್ದವು. ಆ ಕಣ್ಣುಗಳು ಬಹಳ ಕಾಲ ಅವನ ಮಧ್ಯಾಹ್ನದ ಜೊಂಪಿನೊಳಕ್ಕೆ ಬರುತ್ತಿದ್ದವು.

ಹಕ್ಕಿಗಳ ಆಶ್ರಯಧಾಮದಿಂದ ಬಂದಿದ್ದ ಡಾಕ್ಟರಮ್ಮ ಅಲ್ಲೇ ನೆಲದ ಮೇಲೆ ಕೂತು ಕೆಲಸಕ್ಕಿಳಿದರು. ಒಂದು ಗಿಳಿಯ ರೆಕ್ಕೆ ಮುರಿದು ಜೋತುಬಿದ್ದಿತ್ತು. "ಯಾರಾದ್ರೂ ಇದನ್ನ ಟವೆಲಲ್ಲಿ ಸುತ್ತಿ ಹಿಡ್ಕೊಳ್ಳಿ. ಬಿಗಿಯಾಗಿ ಹಿಡೀಬೇಕು, ಆದ್ರೆ ಎದೆ ಒತ್ತಬಾರದು" ಅಂದರು. ಪೊಲೀಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೀಲಿಮಾಮ ಮುಂದೆ ಬಂದು ಕೂತ. ರೆಕ್ಕೆಗೆ ಪಟ್ಟಿ ಕಟ್ಟಿ ಮುಗಿಯುವವರೆಗೂ ಆ ಗಿಳಿ ಅವನ ಹೆಬ್ಬೆರಳನ್ನು ಕಚ್ಚಿ ಹಿಡಿದುಕೊಂಡಿತ್ತು. ಅವನ ಮುಖವನ್ನು ಅದು ನೋಡಲೇ ಇಲ್ಲ, ನೋಡಿದ್ದೆಲ್ಲ ಆ ಕೈಯನ್ನೇ.

"ಕೈ ಹಗುರವಾಗಿದೆ ನಿಮ್ದು. ಮನೇಲಿ ಜಾಗ ಇದ್ಯಾ? ರೆಕ್ಕೆಗೆ ಏಟು ಬಿದ್ದಿರೋ ಇವು ಇನ್ನು ಹಾರೋದಿಲ್ಲ, ಕಾಡಿಗೆ ಬಿಡೋ ಹಾಗಿಲ್ಲ" ಅಂತ ಡಾಕ್ಟರಮ್ಮ ಕೇಳಿದರು. ಹೆಂಡತಿಯನ್ನು ಒಂದು ಮಾತೂ ಕೇಳದೆ ಅವನು ಹೂಂ ಅಂದುಬಿಟ್ಟ.

ಹೆಂಡತಿ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದು ಆಗಷ್ಟೇ ನಿವೃತ್ತಿಯಾಗಿದ್ದವಳು. ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು ಪೆಟ್ಟಿಗೆಗಳನ್ನು ನೋಡಿದಳು. "ಅಲ್ರೀ, ಒಂದು ತಂದಿದ್ರೆ ಗಿಳಿ ಅನ್ನಬಹುದಿತ್ತು. ಒಂದು ಕ್ಲಾಸನ್ನೇ ತಂದಿದ್ದೀರಲ್ಲ!" ಅಂದವಳು, ಸಂಜೆಯೊಳಗೆ ಹಾಜರಿ ಕೂಗಿ ಹೆಸರನ್ನೂ ಇಟ್ಟುಬಿಟ್ಟಿದ್ದಳು. ತಲೆ ತಗ್ಗಿಸಿ ಎಲ್ಲದಕ್ಕೂ ಹೂಂಗುಟ್ಟುವವನು ಗುಮಾಸ್ತ. ತಿನ್ನುತ್ತಾ ತಿನ್ನುತ್ತಲೇ ತೂಕಡಿಸುವವನು ನಿದ್ದೆಬುರುಕ. ರೆಕ್ಕೆಗೆ ಪಟ್ಟಿ ಕಟ್ಟಿಸಿಕೊಂಡವಳಿಗೆ ಹೆಸರು ಹುಡುಕುವ ತೊಂದರೆಯೇ ಬರಲಿಲ್ಲ. ಆ ಹೆಸರನ್ನು ಅವಳೇ ಕಿರುಚಿ ಕಿರುಚಿ ಸಂಪಾದಿಸಿಕೊಂಡಳು.

ಎಲ್ಲರ ರೆಕ್ಕೆಯ ಗಾಯ ಮಾಯಲು ತಿಂಗಳುಗಟ್ಟಲೆ ಮದ್ದು ಹಾಕಬೇಕಿತ್ತು. ಡಾಕ್ಟರಮ್ಮ ಒಂದು ಮಾತು ಹೇಳಿದ್ದರು. ಹಿಡಿಯುವುದು, ಮದ್ದು ಹಾಕುವುದು, ಉಗುರು ಕತ್ತರಿಸುವುದು, ಈ ನೋವಿನ ಕೆಲಸವೆಲ್ಲ ಒಬ್ಬರೇ ಮಾಡಲಿ. ಬೀಜ ಕೊಡುವುದು, ಮುದ್ದು ಮಾಡುವುದು ಇನ್ನೊಬ್ಬರು. ಆಗ ಹಕ್ಕಿಗೆ ನಂಬುವುದಕ್ಕೆ ಒಬ್ಬರಾದರೂ ಉಳಿಯುತ್ತಾರೆ. ಗಂಡ ಹೆಂಡತಿ ಈ ಮಾತನ್ನು ಅಡುಗೆಮನೆಯಲ್ಲಿ ಕೂತು ಬಗೆಹರಿಸಿಕೊಂಡರು.

"ನೀನು ಒಳ್ಳೆಯವಳಾಗು. ನನ್ನದೇನು, ಬೀಗ ಮುರಿಯೋನು ಅಂತ ಹೇಗೂ ಹೆಸರಿದೆ" ಅಂದ ಕೀಲಿಮಾಮ.

"ಆಮೇಲೆ ಹೊಟ್ಟೆ ಉರ್ಕೋಬಾರದು."

"ಛೆ, ಗಿಳಿ ವಿಷಯಕ್ಕೆ ಯಾರಾದ್ರೂ ಹೊಟ್ಟೆ ಉರ್ಕೋತಾರಾ?"

ಉರಿದುಕೊಂಡ. ಮದ್ದು ನಿಂತ ಮೇಲೆ ಗುಮಾಸ್ತ ಮರುವಾರವೇ ಹಳೆಯದನ್ನೆಲ್ಲ ಮರೆತು ಅವನ ಹೆಗಲೇರಿದ. ನಿದ್ದೆಬುರುಕನಿಗೆ ನೆನಪಿಟ್ಟುಕೊಳ್ಳುವಷ್ಟು ಎಚ್ಚರವೇ ಇರಲಿಲ್ಲ. ಜಗಳಗಂಟಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಹೆಂಡತಿಯ ಕೈಯಲ್ಲಿ ಕೂತು ಕಣ್ಣು ಮುಚ್ಚಿ ಕತ್ತು ಕೆರೆಸಿಕೊಳ್ಳುವವಳು, ಗಂಡನ ಕೈ ಬಾಗಿಲಲ್ಲಿ ಕಂಡರೆ ಸಾಕು, ಪುಕ್ಕವೆಲ್ಲ ಮೈಗಂಟಿಸಿಕೊಂಡು ಕಿರುಚುತ್ತಿದ್ದಳು. ಆ ಕಿರುಚಾಟದಲ್ಲಿ ಸಿಟ್ಟಿಗಿಂತ ಭಯವೇ ಹೆಚ್ಚೆಂದು ಅವನಿಗೆ ತಿಳಿಯುತ್ತಿತ್ತು. ಅದಕ್ಕೇ ಅವನು ಅವಳೆದುರು ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಓಡಾಡಲು ಶುರುಮಾಡಿದ. ದಿನ ಕಳೆದಂತೆ ಅದು ಎಷ್ಟು ರೂಢಿಯಾಯಿತೆಂದರೆ, ಅವಳು ಬಾಯಿ ತೆರೆಯುವ ಮೊದಲೇ ಕೈ ತಾನಾಗಿ ಹಿಂದಕ್ಕೆ ಹೋಗಿರುತ್ತಿತ್ತು. ಊಟಕ್ಕೆ ಅವಳಿಗೆ ಬೆನ್ನು ಹಾಕಿ ಗೋಡೆಯ ಕಡೆ ತಿರುಗಿ ಕೂರುತ್ತಿದ್ದ. ಒಮ್ಮೆ ಬಂದ ನೆಂಟರೊಬ್ಬರು ಅದನ್ನು ನೋಡಿ, ಗಂಡ ಹೆಂಡಿರ ನಡುವೆ ಏನೋ ಮನಸ್ತಾಪವೆಂದು ತಿಳಿದು, ಇಬ್ಬರಿಗೂ ಬುದ್ಧಿ ಹೇಳಿ ಹೋದರು.

ಗಿಳಿಗಳನ್ನು ಆಸ್ಪತ್ರೆಗೆ ಕರೆದೊಯ್ಯುವ ಯೋಚನೆ ಡಾಕ್ಟರಮ್ಮನದು. ಪಾರ್ಶ್ವವಾಯು ಹೊಡೆದವರು, ಏಟು ಬಿದ್ದು ಕೈಕಾಲು ಸ್ವಾಧೀನ ತಪ್ಪಿದವರು ಮತ್ತೆ ಹಿಡಿಯುವುದನ್ನು, ನಡೆಯುವುದನ್ನು ಕಲಿಯುವ ಆಸ್ಪತ್ರೆ ಅದು. ಬೆರಳು ಬಿಚ್ಚಿ ಅಂದರೆ ಬಿಚ್ಚದವರು ಗಿಳಿಗೆ ಬೀಜ ಕೊಡುವುದಕ್ಕಾದರೂ ಬಿಚ್ಚುತ್ತಾರೆ ಅನ್ನುವುದು ಅವರ ಲೆಕ್ಕ. ಅದಕ್ಕೆ ಗಿಳಿಗಳಿಗೂ ಪಾಠ ಆಗಬೇಕಿತ್ತು. ಹೆಂಡತಿ ಹಿಡಿದ ಕಡ್ಡಿಯ ತುದಿಯನ್ನು ಕೊಕ್ಕಿನಿಂದ ಮುಟ್ಟಿದರೆ ಒಂದು ಸೂರ್ಯಕಾಂತಿ ಬೀಜ. ಕಡ್ಡಿ ಹೋದಲ್ಲಿಗೆ ಹೋದರೆ ಇನ್ನೊಂದು. ಚಾಚಿದ ಕೈಗೆ ಹತ್ತಿ ಸುಮ್ಮನೆ ಕೂತರೆ ಅಕ್ರೋಟಿನ ಚೂರು. ಒಲ್ಲೆ ಅಂತ ಮುಖ ತಿರುಗಿಸಿದರೆ ಅಲ್ಲಿಗೆ ಪಾಠ ಬಂದ್. ಒತ್ತಾಯ ಮಾತ್ರ ಕೂಡದು.

ಗಿಳಿಗಳಿಗೆ ರೂಢಿಯಾಗಲೆಂದು ಕೀಲಿಮಾಮನ ಪಾಲಿಗೆ ಬಂದದ್ದು ಆಸ್ಪತ್ರೆಯ ಸದ್ದುಗಳು. ಪಕ್ಕದ ಕೋಣೆಯಲ್ಲಿ ನಿಂತು ಸ್ಟೀಲ್ ತಟ್ಟೆ ಬೀಳಿಸುತ್ತಿದ್ದ, ಊರುಗೋಲು ಕುಟ್ಟುತ್ತಿದ್ದ, ಹಳೆಯ ಗಾಲಿಕುರ್ಚಿಯೊಂದನ್ನು ಅತ್ತಿಂದಿತ್ತ ತಳ್ಳುತ್ತಿದ್ದ, ಇಡೀ ವಾರ್ಡಿನ ಪರವಾಗಿ ಒಬ್ಬನೇ ಕೆಮ್ಮುತ್ತಿದ್ದ. ನೆರೆಮನೆಯಾಕೆ ಕಷಾಯ ಕಾಸಿಕೊಂಡು ಬಂದಳು. ಸಂಜೆ ಬಿಸಿಲು ಓರೆಯಾಗಿ ಬರುವ ಹೊತ್ತಿಗೆ ಅರ್ಧ ತೆರೆದ ಬಾಗಿಲಿನಿಂದ ಅವನಿಗೆ ಒಳಗಿನದು ಕಾಣುತ್ತಿತ್ತು: ಹೆಂಡತಿಯ ಚಾಚಿದ ಕೈ, ಬೆಳಕಿನಲ್ಲಿ ತೇಲುವ ಸಣ್ಣ ಪುಕ್ಕ, ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಬರುವ ಹಸಿರು. ಆಗ ಇವನು ಯಾರಿಗೂ ಕಾಣದ ಹಾಗೆ ಬಾಗಿಲ ಹಿಂದೆ ತನ್ನ ಕೈಯನ್ನೂ ಚಾಚುತ್ತಿದ್ದ.

ಪಾಠ ಮುಗಿದು ಗಿಳಿಗಳು ಆಸ್ಪತ್ರೆಗೆ ಹೋಗಿಬರುವಂತಾದವು. ಎಲ್ಲರಿಗಿಂತ ಚೆನ್ನಾಗಿ ಕೆಲಸ ಮಾಡಿದವಳು ಜಗಳಗಂಟಿಯೇ. ನಡುಗುವ ಕೈ, ಮರಗಟ್ಟಿದ ಕೈ, ಪಟ್ಟಿ ಸುತ್ತಿದ ಕೈ, ಯಾವುದಕ್ಕೂ ಅವಳು ಹಿಂಜರಿಯುತ್ತಿರಲಿಲ್ಲ. ಕೀಲಿಮಾಮ ಹೊರಗೆ ಬೆಂಚಿನ ಮೇಲೆ ಖಾಲಿ ಪಂಜರ ಇಟ್ಟುಕೊಂಡು ಕಾಯುತ್ತಿದ್ದ. ಹೊರಗೆ ಬಂದ ಹೆಂಡತಿ, ಇವತ್ತು ಆ ಅಜ್ಜಿ ಕಿರುಬೆರಳು ಎತ್ತಿದ್ರು, ಈ ಡ್ರೈವರಣ್ಣ ಬೀಜ ಹಿಡಿದ ಅಂತ ಒಂದೊಂದೇ ಹೇಳುವಳು. ಅವನು ಕಣ್ಣು ಮುಚ್ಚಿ ಕೇಳುವನು. ರಾತ್ರಿಯ ಕನಸಿನಲ್ಲಿ ಜಗಳಗಂಟಿ ಬರುತ್ತಿದ್ದಳು. ತೂಕವೇ ಇಲ್ಲದವಳ ಹಾಗೆ ಬಂದು ಅವನ ಬೆರಳಿನ ಮೇಲೆ ಕೂತು, ಸಾವಕಾಶವಾಗಿ ಪುಕ್ಕ ತಿದ್ದಿಕೊಳ್ಳುತ್ತಿದ್ದಳು. ಬೆಳಗ್ಗೆ ಎದ್ದು ಮುಖ ತೊಳೆಯುವಾಗಲೂ ಆ ಬೆರಳನ್ನು ಸ್ವಲ್ಪ ಜೋಪಾನವಾಗಿ ಹಿಡಿದುಕೊಂಡಿರುತ್ತಿದ್ದ.

ಒಂದು ದಿನ ಅಂಗಡಿಯಲ್ಲಿ ಅರದಿಂದ ಕೀಲಿ ಉಜ್ಜುತ್ತಿದ್ದಾಗ ಅದು ಬಲಗೈಯಿಂದ ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದ. ಕೈ ಬರಲಿಲ್ಲ. ಬಾ ಅಂದ, ಬರಲಿಲ್ಲ. ಎದುರಿಗಿದ್ದ ಗಿರಾಕಿಗೆ ಏನೋ ಹೇಳಹೋದ, ಮಾತು ತೊದಲಿ ಬಾಯಿಯ ಒಂದು ಕಡೆಯಿಂದ ಸೋರಿಹೋಯಿತು.

ಜೀವಕ್ಕೆ ಅಪಾಯ ತಪ್ಪಿದ ಮೇಲೆ ಅವನನ್ನು ಅದೇ ಆಸ್ಪತ್ರೆಗೆ ತಂದರು. ಅಲ್ಲಿನ ದಿನಗಳಿಗೆ ಅಂಚೇ ಇರಲಿಲ್ಲ. ಪರದೆ ಉಬ್ಬುವುದು, ಬಿಸಿಲು ಗೋಡೆಯಿಂದ ನೆಲಕ್ಕೆ ಇಳಿಯುವುದು, ಯಾರೋ ನೀರು ಕುಡಿಸುವುದು, ಮತ್ತೆ ಜೊಂಪು. ಎಚ್ಚರವಾದಾಗಲೆಲ್ಲ ಪಕ್ಕದಲ್ಲಿ ಒಂದು ಕೈ ಬಿದ್ದಿರುತ್ತಿತ್ತು. ಯಾರೋ ಮರೆತು ಹೋದ ಗಂಟಿನ ಹಾಗೆ. ಅದರ ಹೆಬ್ಬೆರಳಿನ ಮೇಲೆ ಕೊಕ್ಕಿನ ಗುರುತಿರುವುದನ್ನು ನೋಡಿಯೂ ಅದು ತನ್ನದೆಂದು ಅವನಿಗೆ ಅನ್ನಿಸುತ್ತಿರಲಿಲ್ಲ. ಹೆಂಡತಿ ಅದನ್ನು ತಿಕ್ಕುತ್ತಿದ್ದಳು, ಮಡಿಸಿ ಬಿಡಿಸುತ್ತಿದ್ದಳು. ಅವನು ಪರರ ಮನೆಯ ಕೆಲಸ ನೋಡುವವನಂತೆ ನೋಡುತ್ತಿದ್ದ. ಕೈ ಬರದಿದ್ದರೆ ಅಂಗಡಿಯೂ ಇಲ್ಲ, ಆ ಹಳೆಯ ಆಸೆಯೂ ಇಲ್ಲ ಅನ್ನುವುದು ಮಾತ್ರ ಅರೆನಿದ್ದೆಯಲ್ಲೂ ಅವನನ್ನು ಬಿಡುತ್ತಿರಲಿಲ್ಲ.

ಹೆಂಡತಿ ಗುಮಾಸ್ತನನ್ನು ತಂದಳು. ಅವನು ಸತ್ತಂತಿದ್ದ ಆ ಕೈಮೇಲೆ ಕೂತು, ಎಲ್ಲದಕ್ಕೂ ಹೂಂಗುಟ್ಟಿ, ಬೀಜ ತಿಂದು, ಅದರ ಮೇಲೇ ಹೇಸಿಗೆಯನ್ನೂ ಮಾಡಿ ಹೋದ. ಕೈ ಮಿಸುಕಲಿಲ್ಲ.

"ಜಗಳಗಂಟೀನ ತರ್ಲಾ?" ಅಂತ ಅವಳು ಕೇಳಿದಳು.

"ಬೇಡ" ಅಂದ. ಆ ಒಂದು ಮಾತು ಹೊರಡಿಸುವಷ್ಟರಲ್ಲಿ ಅವನ ಹಣೆ ಬೆವರಿತು. ಅವಳು ಬಂದರೆ ಕಿರುಚುತ್ತಾಳೆ. ವಾರ್ಡಿನಲ್ಲಿ ಕಿರುಚಿದ ಹಕ್ಕಿಯನ್ನು ಆಸ್ಪತ್ರೆಯವರು ಮತ್ತೆ ಒಳಗೆ ಬಿಡುವುದಿಲ್ಲ. ತನ್ನಿಂದಾಗಿ ಅವಳ ಕೆಲಸ ಹೋಗುವುದು ಅವನಿಗೆ ಬೇಕಿರಲಿಲ್ಲ. ಹಾಗಾಗಿ ಅವಳು ದೊಡ್ಡ ಹಾಲಿಗೆ ಬರುವ ದಿನ ಇವನು ತನ್ನ ಹಾಸಿಗೆಯಲ್ಲೇ ಇರುವುದೆಂದು ಗಂಡ ಹೆಂಡತಿ ಒಪ್ಪಿಕೊಂಡರು.

ಆದರೆ ಕೈಕಾಲಿಗೆ ವ್ಯಾಯಾಮ ಮಾಡಿಸುವ ಫಿಸಿಯೋ ಮೇಡಂ ಆ ವಾರವಷ್ಟೇ ಕೆಲಸಕ್ಕೆ ಸೇರಿದವರು. ಈ ಮನೆಯ ಪುರಾಣ ಅವರಿಗೇನು ಗೊತ್ತು? ಪಾಪ, ಸ್ವಲ್ಪ ಬಿಸಿಲು ಬೀಳಲಿ ಅಂತ ಅವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಕೈಯನ್ನು ಮುಂದಿನ ಹಲಗೆಯ ಮೇಲೆ ಅಂಗಾತ ಇಟ್ಟು, ಹಾಲಿನ ಕಿಟಕಿಯ ಬಳಿ ನಿಲ್ಲಿಸಿದರು. ಕೀಲಿಮಾಮ ಬೆಚ್ಚಗೆ ತೂಕಡಿಸಿದ. ದೂರದಲ್ಲಿ ಹೆಂಡತಿಯ ಡ್ರಿಲ್ ಟೀಚರ್ ದನಿ ಕೇಳುತ್ತಿತ್ತು. "ಬಿಚ್ಚಿ, ಬೆರಳು ಬಿಚ್ಚಿ, ಶಾಭಾಷ್!" ಕಣ್ಣು ತೆರೆದಾಗ ಬೆಳಕಿನ ನಡುವೆ ಒಂದು ಹಸಿರು ಅವನ ಕಡೆಗೇ ಬರುತ್ತಿತ್ತು.

ಕನಸು ಅಂದುಕೊಂಡ. ಕನಸಿನಲ್ಲಿ ಅವಳು ಯಾವಾಗಲೂ ಬರುತ್ತಿದ್ದಳಲ್ಲ. ಹಾಗಾಗಿ ಸುಮ್ಮನೆ ನೋಡುತ್ತಾ ಕೂತ.

ಹೆಂಡತಿ ಅವನನ್ನು ಕಂಡು ಗಕ್ಕನೆ ನಿಂತಳು. ಆಗಲೇ ತಡವಾಗಿತ್ತು. ಜಗಳಗಂಟಿ ಅವಳ ತೋಳಿನಿಂದ ಕತ್ತು ಚಾಚಿ, ಒಂದು ಕಣ್ಣಿನಿಂದ ಹಲಗೆಯ ಮೇಲಿನ ಕೈಯನ್ನು ನೋಡಿದಳು. ಇನ್ನೊಂದು ಕಣ್ಣಿನಿಂದಲೂ ನೋಡಿದಳು. ಒಂದು ಹೆಜ್ಜೆ ಮುಂದಿಟ್ಟಳು. ಕೀಲಿಮಾಮನಿಗೆ ಪೂರ್ತಿ ಎಚ್ಚರವಾಯಿತು. ಬಾ ತಾಯಿ, ಅಂದ ಮನಸ್ಸಿನಲ್ಲೇ. ಇದು ಆ ಕೈಯಲ್ಲ. ಇದು ಯಾರದೋ. ಹೆದರಬೇಡ, ಬಾ.

ಜಗಳಗಂಟಿ ಕಿರುಚಿದಳು.

ಹಾಲಿಗೆ ಹಾಲೇ ಬೆಚ್ಚಿಬಿತ್ತು. ಯಾವುದೋ ಅಜ್ಜಿಯ ಕೈಯಿಂದ ಬೀಜಗಳು ಚೆಲ್ಲಿದವು. ಹೆಂಡತಿ ಹಕ್ಕಿಯನ್ನು ಎದೆಗವಚಿಕೊಂಡು ತಿರುಗಬೇಕು, ಅಷ್ಟರಲ್ಲಿ ಅವಳ ಕಣ್ಣು ಹಲಗೆಯ ಮೇಲೆ ನೆಟ್ಟು ಅಲ್ಲೇ ನಿಂತಿತು. ಆ ಕೈ ಹಿಂದಕ್ಕೆ ಸರಿಯುತ್ತಿತ್ತು. ತೆವಳಿಕೊಂಡು, ಸೋತುಕೊಂಡು, ಹಲಗೆಯ ಅಂಚು ದಾಟಿ ಮಡಿಲಿಗೆ ಬಿದ್ದು, ಅಲ್ಲಿಂದ ಪಕ್ಕೆಯ ಕಡೆಗೆ ಇನ್ನೊಂದಿಷ್ಟು ಸರಿದು ನಿಂತಿತು.

"ಯಾರು ಎಳೆದಿದ್ದು?" ಅಂದರು ಫಿಸಿಯೋ ಮೇಡಂ. ಯಾರೂ ಮುಟ್ಟಿರಲಿಲ್ಲ. ಅವರು ಮಂಡಿಯೂರಿ ಕೂತರು. "ಮಾಮ, ಇನ್ನೊಂದ್ಸಲ. ಇನ್ನೊಂದೇ ಸಲ ಮಾಡಿ." ಅವನು ಹಲ್ಲು ಕಚ್ಚಿದ, ಕೈ ಅಲುಗಲಿಲ್ಲ. ಆದರೂ ಅವರ ಮುಖದ ತುಂಬ ನಗು. "ಇರ್ಲಿ ಬಿಡಿ. ದಾರಿ ಮುಚ್ಚಿಲ್ಲ. ಒಂದ್ಸಲ ಬಂದಿದ್ದು ಮತ್ತೆ ಬರುತ್ತೆ."

ಕೀಲಿಮಾಮನ ಕಣ್ಣಿಂದ ನೀರು ಇಳಿಯುತ್ತಿತ್ತು. ಹಕ್ಕಿ ಬರಲಿಲ್ಲವೆಂಬ ದುಃಖಕ್ಕೆ ಅಳುತ್ತಿದ್ದಾನೆಂದು ಹೆಂಡತಿ ತಿಳಿದಳು. "ಅಳಬೇಡ್ರೀ. ಇವಳಿಗೆ ಇವತ್ತು ಮನೇಲಿ ಇದೆ. ಇಷ್ಟು ವರ್ಷ ಆಯ್ತು, ಒಂದು ಚೂರು ಕರುಣೆ ಬೇಡ್ವಾ ಮುಂಡೇದಕ್ಕೆ?"

ಅವನು ಇಲ್ಲವೆಂಬಂತೆ ತಲೆಯಾಡಿಸಿದ. ಮಾತುಗಳನ್ನು ಒಂದೊಂದಾಗಿ ಎತ್ತಿ ಬಾಯಿಗೆ ತಂದ.

"ಬೈ... ಬೇಡ ಕಣೇ. ಇದು ನನ್... ನನ್ನದೇ ಕೈ... ಅಂತಾಳೆ ಅವಳು."

ಹೆಂಡತಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವಳು ಅಲ್ಲೇ, ಅಷ್ಟೂ ಜನರ ಎದುರು, ಅವನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. ಜಗಳಗಂಟಿ ಅವಳ ಹೆಗಲೇರಿ ಇನ್ನೂ ಬೈಯುತ್ತಲೇ ಇದ್ದಳು. ಅವಳನ್ನು ಯಾರೂ ಸುಮ್ಮನಿರಿಸಲಿಲ್ಲ.