ಲಾಟರಿ ರೊಕ್ಕದ ಸಂಡಾಸ

ನನ್ನ ಚಿಗವ್ವ, ಅಂದರೆ ಅವ್ವನ ತಂಗಿ, ಕಮಲಾಪುರದ ರಸ್ತೆ ಬದಿಯಲ್ಲಿ ಕೆಂಬಾಳೆಹಣ್ಣು ಮಾರುತ್ತಿದ್ದಳು. ಬೆಳಿಗ್ಗೆ ಬುಟ್ಟಿ ಇಳಿಸಿ ಕೂತರೆ ಕತ್ತಲಾಗಿ ಏಳುವ ತನಕ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ವ್ರತವೂ ಅಲ್ಲ, ಉಪವಾಸವೂ ಅಲ್ಲ. ನೀರು ಕುಡಿದರೆ ಒಂದಕ್ಕೆ ಹೋಗಬೇಕು, ಹೋಗಲು ಜಾಗವಿಲ್ಲ. ಮೊದಲು ಹಿಂದುಗಡೆ ಜಾಲಿಕಂಟಿಯ ಮರೆಯಾದರೂ ಇತ್ತು. ಆ ಹೊಲ ಮಾರಾಟವಾಗಿ ಅಂಗಡಿ ಸಾಲು ಎದ್ದ ಮೇಲೆ ಅದೂ ಹೋಯಿತು. ಅಲ್ಲಿ ಕೂರುವ ಅಷ್ಟೂ ಹೆಂಗಸರ ಪಾಡು ಇದೇ.

ನಾನಿರುವುದು ಕಲಬುರಗಿಯಲ್ಲಿ, ಕೋಟೆಯ ಹಿಂದೆ. ಕಲಿಸುವುದು ಕಮಲಾಪುರದ ಶಾಲೆಯಲ್ಲಿ. ಬಸ್ಸಿಳಿದ ಕೂಡಲೇ ಚಿಗವ್ವನನ್ನು ಬೈಯುವುದೇ ನನ್ನ ದಿನದ ಮೊದಲ ಪಾಠ. ಪದೇ ಪದೇ ಉರಿಮೂತ್ರ, ಜ್ವರ ಬಂದು ಅವಳನ್ನು ಕಲಬುರಗಿಯ ಡಾಕ್ಟರಿಗೆ ತೋರಿಸಿದ್ದೆ. ಹೀಗೇ ನಡೆದರೆ ಕಿಡ್ನಿ ಕೈಕೊಡುತ್ತದೆ ಎಂದು ಅವರು ಸ್ಪಷ್ಟವಾಗಿ ಹೇಳಿದ್ದರು.

“ನೀರು ಕುಡೀಲಾರದ ಸಾಯ್ತಿ ನೋಡು, ಚಿಗವ್ವಾ.”

“ಕುಡದು ಎಲ್ಲಿಗಿ ಹೋಗ್ಲೆವ್ವಾ? ನಿಮ್ಮ ಸಾಲಿ ತನ ನಡಕೋತ ಹೋಗಿ ಬರೂದ್ರಾಗ ದನ ಬಂದು ಬುಟ್ಟಿ ಖಾಲಿ ಮಾಡ್ತಾವ.”

ಹೀಗಿರುವಾಗ ಲಾಟರಿಯ ಸುದ್ದಿ ಬಂತು. ಪುಣೆಯಲ್ಲಿ ಮನೆ ಕಟ್ಟುವ ಗೌಂಡಿಯಾಗಿದ್ದ ಕಮಲಾಪುರದವನೊಬ್ಬನಿಗೆ ಅಲ್ಲಿಯ ಲಾಟರಿ ಹತ್ತಿತ್ತು. ಅದರಲ್ಲಿ ಒಂದು ಪಾಲು ಊರಿನ ಕೆಲಸಕ್ಕೆ ಕೊಡುತ್ತೇನೆ, ಏನು ಕಟ್ಟಬೇಕೆಂದು ಊರವರೇ ಕೂತು ಹೇಳಲಿ ಎಂದು ಆತ ತಿಳಿಸಿದ್ದ. ಸಂತೆ ಬಯಲಿನಲ್ಲಿ ಶಾಮಿಯಾನ ಹಾಕಿ ಸಭೆ ಕರೆದರು. ನಾನು ಹಣ್ಣಿನ ಸಾಲಿನ ಹೆಂಗಸರನ್ನೆಲ್ಲ ಎಬ್ಬಿಸಿಕೊಂಡು ಹೋಗಿ ಮುಂದಿನ ಕುರ್ಚಿಗಳಲ್ಲೇ ಕೂರಿಸಿದೆ. ಕೆಲವರು ಕಣ್ಣು ಕೆಂಪು ಮಾಡಿದರು. ಮಾಡಿಕೊಳ್ಳಲಿ.

ಒಬ್ಬ ಊರ ಬಾಗಿಲಿಗೆ ಕಮಾನು ಬೇಕೆಂದ. ಇನ್ನೊಬ್ಬ ಗುಡಿಗೆ ಹೊಸ ಗೋಪುರ ಎಂದ. ಗುಡಿಯ ಹಿರಿಯರು ಎದ್ದು, “ಜೂಜಿನ ರೊಕ್ಕ ದೇವರ ತಲಿಮ್ಯಾಲ ಹಾಕ್ತೀರೇನು? ಬ್ಯಾಡೇ ಬ್ಯಾಡ” ಎಂದು ಕೂತರು. ಆಗ ನಿವೃತ್ತ ಮಾಸ್ತರರೊಬ್ಬರು ಮೈಕು ಹಿಡಿದರು. ನಮ್ಮ ರಾಜ್ಯದಲ್ಲಿ ಲಾಟರಿ ನಡೆಯುತ್ತಿದ್ದ ಕಾಲದಲ್ಲಿ ಎಷ್ಟು ಮನೆ ಹಾಳಾದವು, ಈ ರೊಕ್ಕ ಮುಟ್ಟಿದರೆ ಮಕ್ಕಳಿಗೆ ಏನು ಕಲಿಸಿದಂತಾಯಿತು ಎಂದು ಕೇಳಿದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಕೊನೆಗೆ ಬಟ್ಟೆ ಅಂಗಡಿಯ ಮುದುಕ ಸಾಹೇಬರು ಎದ್ದರು. “ಬ್ಯಾಂಕಿನ ಬಡ್ಡಿ ರೊಕ್ಕ ನಾವು ಮಸೀದಿಗಿ ಹಾಕಂಗಿಲ್ರಿ. ತಿನ್ನಂಗೂ ಇಲ್ಲ. ಪುಣ್ಯದ ಆಸಿ ಇಡಲಾರದ ಸಂಡಾಸ ಕಟ್ಟಾಕ ಕೊಟ್ಟು ಕೈ ತೊಳಕೋತೀವಿ. ಇದೂ ಹಂಗೇ ಮಾಡ್ರಿ. ಹೆಣಮಕ್ಕಳಿಗಿ ಭಾಳ ತಕಲೀಫ್ ಅದ.”

ಗುಡಿಯ ಹಿರಿಯರೂ ತಲೆಯಾಡಿಸಿದರು. ಮೈಲಿಗೆ ರೊಕ್ಕ ಮೈಲಿಗೆ ಜಾಗಕ್ಕೆ! ಎಂದೂ ಒಂದಾಗದವರು ಅವತ್ತು ಒಂದಾದರು. ಒಳಗೊಳಗೇ ನನಗೆ ಉರಿಯಿತು. ಯಾರಿಗೂ ಬೇಡವಾದದ್ದು ಮಾತ್ರ ನಮ್ಮ ಪಾಲಿಗೆ ಬರಬೇಕೇ? ಆದರೂ ಬಾಯಿ ಮುಚ್ಚಿಕೊಂಡೆ. ಸಂಡಾಸವಾದರೆ ಸಾಕಿತ್ತು.

ಮಾಸ್ತರರು ಮಾತ್ರ ಬಿಡಲಿಲ್ಲ. “ಲಾಟರಿಯಿಂದ ಹಾಳಾದವ್ರ ಮನಿಯವ್ರು ಒಬ್ಬರರ ಒಪ್ಪಲಿ, ನೋಡೂಣು” ಎಂದರು. ಚಿಗವ್ವ ಎದ್ದು ನಿಂತಳು. ನನ್ನ ಕಾಕಾ, ಅವಳ ಗಂಡ, ಕಲಬುರಗಿಯ ಲಾಟರಿ ಅಂಗಡಿಗಳ ಮುಂದೆ ನಂಬರು ಕಾಯುತ್ತಲೇ ಬಾಳು ಕಳೆದವನು. ಅವಳ ಬೆಳ್ಳಿ ಕಡಗ, ಎತ್ತು, ಕಡೆಗೆ ಕದದ ತಗಡು ಕೂಡ ಆ ಚೀಟಿಗಳಿಗೇ ಹೋಗಿದ್ದವು.

“ನಾನೇ ಅದೀನ್ರಿ ಹಾಳಾದಾಕಿ” ಎಂದಳು. “ಆ ರೊಕ್ಕ ಎಲ್ಲಿಂದ ಬಂತು? ನಮ್ಮಂಥವ್ರ ಮನಿ ಒಡದು ಬಂತು. ನನ್ನ ಕಡಗ ಅದರಾಗ ಅದ. ನಂದು ನನಗ ತಿರುಗಿ ಕೊಡ್ರಿ. ಕಡಗ ಬ್ಯಾಡ. ಕದ ಇದ್ದದ್ದೊಂದು ಜಾಗ ಕೊಡ್ರಿ, ಸಾಕು.”

ಮಾಸ್ತರರು ಮೈಕು ಕೆಳಗಿಟ್ಟರು.

ಹಣ್ಣಿನ ಸಾಲಿನ ಪಕ್ಕದಲ್ಲೇ ಕಟ್ಟಡವೇನೋ ಬೇಗ ಎದ್ದಿತು. ಬಿಳಿ ಟೈಲ್ಸು, ನಳ, ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಆದರೆ ಬಾಗಿಲಿಗೆ ಕೀಲಿ ಬಿತ್ತು. ಉದ್ಘಾಟನೆಯಾಗದೆ ತೆರೆಯುವ ರೂಢಿ ನಮ್ಮೂರಲ್ಲಿಲ್ಲ. ಬಸ್ಸಿನ ತಂಗುದಾಣಕ್ಕೂ ರಿಬ್ಬನ್ ಕತ್ತರಿಸಿದ ಊರು ಇದು. ಲಾಟರಿ ರೊಕ್ಕದ ಸಂಡಾಸಕ್ಕೆ ಕತ್ತರಿ ಹಿಡಿಯುವವರು ಯಾರು? ದೊಡ್ಡವರು ಒಬ್ಬೊಬ್ಬರಾಗಿ ನೆಪ ಹೇಳಿದರು. ಕೊಟ್ಟವನನ್ನೇ ಕರೆಯೋಣವೆಂದರೆ, ಸಾಲ ಕೇಳುವವರ ಕಾಟಕ್ಕೆ ಆತ ಫೋನ್ ನಂಬರನ್ನೇ ಬದಲಿಸಿದ್ದ. ಪಾನ್ ಅಂಗಡಿಯ ಮುಂದೆ ಗಂಡಸರು, “ಒಳಗ ಹೋದ್ರ ನಸೀಬು ಖುಲಾಯಿಸ್ತದಂತ” ಎಂದು ನಗುತ್ತಿದ್ದರು.

ಕೀಲಿಕೈ ಇಟ್ಟುಕೊಂಡ ಕಟ್ಟಡ ಕಮಿಟಿಯವನ ಮನೆಗೇ ಹೋದೆ.

“ಉದ್ಘಾಟನಾ ಆಗ್ಲಾರದ ಹ್ಯಾಂಗ ತಗೀಲ್ರಿ ಟೀಚರ್?” ಎಂದ.

“ನಿಮ್ಮ ಮನ್ಯಾಗಿನ ಸಂಡಾಸ ಯಾವ ಮಂತ್ರಿ ಬಂದು ಉದ್ಘಾಟನಾ ಮಾಡಿದ್ರು?” ಎಂದೆ.

ಅವನ ಹೆಂಡತಿ ಒಳಗಿನಿಂದ ಕಿಸಕ್ಕನೆ ನಕ್ಕಳು. ಕೀಲಿಕೈ ಮಾತ್ರ ಸಿಗಲಿಲ್ಲ. ಬೇಸಿಗೆ ಏರಿತು. ಚಿಗವ್ವ ಆ ಬಿಳಿ ಗೋಡೆಯ ನೆರಳಲ್ಲೇ ಬುಟ್ಟಿ ಇಟ್ಟುಕೊಂಡು, ಹಿಂದಿನ ಹಾಗೆಯೇ ಒಣಗಿದ ತುಟಿಯಲ್ಲಿ ಕೂತಿರುತ್ತಿದ್ದಳು.

ಒಂದು ಮಧ್ಯಾಹ್ನ ಕೂತಲ್ಲೇ ಕುಸಿದಳು. ಮುಖ, ಕಾಲು ಎಲ್ಲ ಬಾತಿದ್ದವು. ಆಟೋದಲ್ಲಿ ಹಾಕಿಕೊಂಡು ಕಲಬುರಗಿಗೆ ತಂದೆವು. ಎರಡೂ ಕಿಡ್ನಿ ನಿಂತಂತೆಯೇ, ಇನ್ನು ಡಯಾಲಿಸಿಸ್ ಎಂದರು ಡಾಕ್ಟರು. ಆ ವಾರವೇ ಹಣ್ಣಿನ ಸಾಲಿನ ಹೆಂಗಸರು ತಕ್ಕಡಿಯ ಕಲ್ಲು ತೆಗೆದುಕೊಂಡು ಕೀಲಿ ಜಜ್ಜಿ ಒಡೆದರು. ತಡೆಯಲು ಯಾರೂ ಬರಲಿಲ್ಲವಂತೆ. ಇಷ್ಟೇ ಆಗಿದ್ದರೆ ಅಂದೇ ಒಡೆಯಬಹುದಿತ್ತಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಸುದ್ದಿ ಹೇಳಲು ಆಸ್ಪತ್ರೆಗೆ ಓಡಿದೆ. ಚಿಗವ್ವನ ಮುಖ ಅರಳಿತು. “ಒಳಗ ನಳ ಬರ್ತದೇನು?” ಎಂದು ಕೇಳಿದಳು. ಬರುತ್ತದೆ ಎಂದೆ. ಅಷ್ಟರಲ್ಲಿ ನರ್ಸಮ್ಮ ಬಂದು ಅಳತೆಯ ಲೋಟದಲ್ಲಿ ತಳ ಮುಚ್ಚುವಷ್ಟು ನೀರು ಕೊಟ್ಟು, “ಸಂಜೀತನ ಇಷ್ಟೇ ನೋಡ್ರಿ. ಹೆಚ್ಚು ಕುಡದ್ರ ಮೈಯಾಗ ನೀರು ತುಂಬ್ತದ” ಎಂದು ನನಗೆ ಎಚ್ಚರಿಸಿ ಹೋದರು.

ಚಿಗವ್ವ ಅದನ್ನು ಒಂದೇ ಗುಟುಕಿಗೆ ಕುಡಿದು ಲೋಟ ಮುಂದೆ ಚಾಚಿದಳು.

“ಇನ್ನೊಂದೀಟು ಹಾಕವ್ವಾ. ಈಗ ಕೀಲಿ ಒಡದಾರಲ್ಲ.”

ನಾನು ಲೋಟ ಇಸಿದುಕೊಂಡು ಕಿಟಕಿಯಲ್ಲಿಟ್ಟೆ.