ಮಾಮನ ಮಿಕ್ಸರ್, ನನ್ನ ಪರೀಕ್ಷೆ

"ಇದು ನಿನ್ನ ಕೈಲಿ ಆಗೂದಲ್ಲ ಬಿಡವಾ" ಎಂದು ಮೊದಲು ಹೇಳಿದವನು ನನ್ನ ಸೋದರಮಾವ. ಇಚಲಕರಂಜಿಯಲ್ಲಿ ಮದುವೆ, ಮೆರವಣಿಗೆಗಳಿಗೆ ಸ್ಪೀಕರ್ ಬಾಡಿಗೆ ಕೊಡುವವನು. "ಮಗ್ಗದ ಸಪ್ಪಳದಾಗ ಬೆಳದಾಕಿ, ನೀ ರೆಕಾರ್ಡಿಂಗ್ ಕಲೀತಿ?"

ನಮ್ಮೂರು ಯಡ್ರಾವದ ಅದೇ ಮಗ್ಗಗಳ ಸಪ್ಪಳದಲ್ಲಿ ಕೂತು ಓದಿ ನಾನು ನಮ್ಮ ಮನೆತನದ ಮೊದಲ ಡಿಗ್ರಿ ತಂದಿದ್ದೆ. ಮಾಮ ಏಳನೆಯ ತರಗತಿಯನ್ನು ಎರಡು ಸಲ ಓದಿದವನು. ಎರಡು ಸಲವೂ ಅರ್ಧ.

ಡಿಗ್ರಿಯ ನಂತರ ಕೊಲ್ಹಾಪುರದಲ್ಲಿ ಧ್ವನಿಮುದ್ರಣದ ಕೋರ್ಸ್ ಸೇರಿದೆ. ಕೊನೆಯ ಪರೀಕ್ಷೆಗೆ ಯಾವುದಾದರೂ ಭಜನಾ ಮಂಡಳಿಯ ಹಾಡನ್ನು ಮುದ್ರಿಸಿ ತರಬೇಕು. ಧ್ವನಿ ಒಡೆದಿದ್ದರೆ ಸರ್ಟಿಫಿಕೇಟ್ ಇಲ್ಲ. ಗಡಹಿಂಗ್ಲಜದ ಮಂಡಳಿಯೊಂದು ಒಪ್ಪಿತು. ಅಲ್ಲಿ ಸ್ಪೀಕರ್ ಯಾರದು? ಮಾಮನದೇ.

ಮಿಕ್ಸರಿನ ಧ್ವನಿಯನ್ನು ಕಂಪ್ಯೂಟರಿಗೆ ದಾಟಿಸಲು ಇಂಟರ್‌ಫೇಸ್ ಎಂಬ ಸಣ್ಣ ಪೆಟ್ಟಿಗೆ ಒಯ್ದಿದ್ದೆ. ನಾನು ಕೈ ಹಾಕುವ ಮೊದಲೇ ಮಾಮ ಮಿಕ್ಸರಿನ ವಾಯರನ್ನು ಅದರ ಮುಂದಿನ ಮೈಕಿನ ತೂತಿಗೆ ತುರುಕಿ, ಗುಂಡಿಗಳನ್ನೆಲ್ಲ ಕೊನೆಯ ತನಕ ತಿರುವಿದ. ಧ್ವನಿ ಮಿತಿ ಮೀರಿ ಒಡೆಯುತ್ತಿದೆ ಎಂದು ಕೆಂಪು ದೀಪ ಹತ್ತಿತು.

"ನೋಡು, ಮಾಲ್ ಭರ್ತಿ ಹೊಂಟೈತಿ!"

ನಮ್ಮ ಕಡೆಯ ಸ್ಪೀಕರಿನವರ ಶಾಸ್ತ್ರವೇ ಅಷ್ಟು. ಕೆಂಪು ಹತ್ತದಿದ್ದರೆ ಕೆಲಸವೇ ಆಗಿಲ್ಲ.

"ಮಾಮಾ, ಮಿಕ್ಸರಿನ ಆವಾಜ ಮೊದಲಽ ದೊಡ್ಡದು. ಮೈಕಿನ ತೂತು ಅದನ್ನ ಮತ್ತ ಹಿಗ್ಗಸ್ತೈತಿ."

"ಇಪ್ಪತ್ತು ವರ್ಷ ಆತು ವಾಯರ್ ಹಿಡದು. ನನಗ ಶಾಣ್ಯಾತನ ಕಲಸ್ತಿ?"

ಅವನು ಜೋಡಿಸಿದಂತೆಯೇ ಒಂದು ಹಾಡು ಮುದ್ರಿಸಿ ಎಲ್ಲರಿಗೂ ಕೇಳಿಸಿದೆ. ಹಾರ್ಮೋನಿಯಂ ಪೇಟಿ ನುಡಿಸುವ ಮುದುಕ ಕಿವಿ ಮುಚ್ಚಿಕೊಂಡು ಮಾಮನತ್ತ ತಿರುಗಿದ.

"ಏ ಶೇಟ್, ಇದು ನನ್ನ ಪೇಟಿನೋ, ಹೆಂಚ ಕೆರ್‍ಯಾಕತ್ತೀರೋ? ಸರೀರಿ, ಆ ಹುಡಿಗಿ ಮಾಡ್ಲಿ."

ಮಂಡಳಿಯವರೆಲ್ಲ ನಕ್ಕರು. ಮಾಮ ಬೀಡಿ ಸೇದಲು ಎದ್ದುಹೋದ. ಗೊತ್ತಿಲ್ಲದ್ದನ್ನು ಕೇಳುವ ರೂಢಿ ಅವನಿಗಿಲ್ಲ, ಎದ್ದುಹೋಗುವ ರೂಢಿಯಿದೆ.

ಮಿಕ್ಸರಿನ ಎಡಬಲದ ಎರಡೂ ವಾಯರುಗಳನ್ನು ಪೆಟ್ಟಿಗೆಯ ಹಿಂದೆ ದೊಡ್ಡ ಧ್ವನಿಗೆಂದೇ ಇರುವ ಲೈನ್ ತೂತುಗಳಿಗೆ ಹಾಕಿದೆ. ಗುಂಡಿಗಳನ್ನು ಪೂರ್ತಿ ಇಳಿಸಿದೆ. "ಎಲ್ಲಕ್ಕಿಂತ ಜೋರಿಂದು ಒಂದ್ ನುಡಿ ಹಾಡ್ರಿ" ಎಂದೆ. ತಾಳ, ತಬಲಾ, ಹತ್ತು ಗಂಟಲು ಒಟ್ಟಿಗೆ ಎದ್ದವು. ಹಸಿರು ದೀಪ ದಾಟದಂತೆ ಮೆಲ್ಲಗೆ ಏರಿಸುತ್ತ ಹೋಗಿ, ಅಲ್ಲೇ ನಿಲ್ಲಿಸಿ ಮುದ್ರಿಸಿದೆ.

ಕೊಲ್ಹಾಪುರದಲ್ಲಿ ಮಾಸ್ತರರು ಹೆಡ್‌ಫೋನ್ ಹಾಕಿ ಕೊನೆಯವರೆಗೂ ಕೇಳಿದರು. ಎಲ್ಲಿಯೂ ಒಡೆದಿರಲಿಲ್ಲ. ಅಷ್ಟರಲ್ಲಿ ಇಚಲಕರಂಜಿಯ ತುಂಬ ಸುದ್ದಿ: ವಾಯರ್ ಎಲ್ಲ ಜೋಡಿಸಿಕೊಟ್ಟವನು ಮಾಮನೇ ಅಂತೆ.

ಸರ್ಟಿಫಿಕೇಟ್ ಕೈಗೆ ಬಂದ ದಿನ ಅದನ್ನು ಅವ್ವನಿಗೆ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಹಿಡಿದಳು, ತಿರುವಿ ಹಿಂದುಮುಂದು ನೋಡಿದಳು.

"ಒಂದು ಝೆರಾಕ್ಸ್ ತಗದು ನಿಮ್ಮ ಮಾಮನ ಅಂಗಡ್ಯಾಗ ಕೊಟ್ಟ ಬಾ. ತಿಳೀಲಿಲ್ಲಂದ್ರ, ನಾಕ ಮಂದಿ ಇರೂವಾಗ ಓದಿ ಹೇಳಿ ಬಾ."